ದೀನರ ಸೇವಕಿ, ಗಣಿತ ವಿದುಷಿ ಮರಿಯಾ ಆಗ್ನೇಸಿ

ಇಟಲಿಯ ಮಿಲಾನ್ ನಗರದಲ್ಲಿ 1718ರ ಮೇ 16ರಂದು ಜನಿಸಿದ ಮರಿಯಾ ಗಯೆಟಾನಾ ಆಗ್ನೇಸಿ, ರೇಷ್ಮೆ ವ್ಯಾಪಾರದಿಂದ ಸಿರಿವಂತವಾಗಿದ್ದ ಕುಟುಂಬದ ಹಿರಿಯ ಮಗಳು. ಸ್ತ್ರೀಯರಿಗೆ ಉನ್ನತ ವಿದ್ಯೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲವದು. ತಂದೆ ಪಿಯೆತ್ರೊ ಮನೆಗೇ ಗುರುಗಳನ್ನು ಕರೆಸಿ ಮಗಳನ್ನು ಓದಿಸಿದರು. ಸ್ತ್ರೀಯರಿಗೂ ವಿದ್ಯೆ ಸಲ್ಲಬೇಕೆಂಬ ಲತೀನ್ ಭಾಷಣವನ್ನು ಆಕೆ ಒಂಬತ್ತರ ವಯಸ್ಸಿನಲ್ಲಿಯೇ ವಿದ್ವಾಂಸರ ಮುಂದೆ ಒಪ್ಪಿಸಿದರು.

ಕನ್ಯಾಮಠ ಸೇರುವ ಆಕೆಯ ಹಂಬಲಕ್ಕೆ ತಂದೆ ಸಮ್ಮತಿಸಲಿಲ್ಲ. ಸರಳ ಉಡುಪು, ಬೇಕೆನಿಸಿದಾಗ ದೇವಾಲಯಕ್ಕೆ ಹೋಗುವ ಸ್ವಾತಂತ್ರ್ಯ, ನೃತ್ಯಕೂಟಗಳಿಂದ ಬಿಡುಗಡೆ ಇಷ್ಟನ್ನು ಕೇಳಿ ಪಡೆದು, ಮನೆಯಲ್ಲಿಯೇ ಗಣಿತಾಭ್ಯಾಸದಲ್ಲಿ ತೊಡಗಿದರು. 1748ರಲ್ಲಿ ಆಕೆಯ ಮಹಾಗ್ರಂಥ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಬೀಜಗಣಿತದಿಂದ ಕಲನಶಾಸ್ತ್ರದವರೆಗಿನ ವಿಷಯವನ್ನು ಯುವಜನರಿಗೆ ಎಟುಕುವಂತೆ ಇಟಾಲಿಯನ್ ಭಾಷೆಯಲ್ಲಿ ಅದು ವಿವರಿಸಿತು. ಜಗದ್ಗುರು ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು 1750ರಲ್ಲಿ ಆಕೆಯನ್ನು ಬೊಲೋನ್ಯ ವಿಶ್ವವಿದ್ಯಾಲಯದ ಗಣಿತಪೀಠಕ್ಕೆ ನೇಮಿಸಿದರು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯೂ ಗ್ರಂಥವನ್ನು ಮೆಚ್ಚಿತು. ಆದರೆ ಮಹಿಳೆಯೊಬ್ಬರನ್ನು ಪೂರ್ಣ ಸದಸ್ಯೆಯಾಗಿ ಆರಿಸಲು ಆ ಸಂಸ್ಥೆಗೆ 1979ರವರೆಗೆ ಕಾಲ ಬೇಕಾಯಿತು. ಆಕೆ ವಿವರಿಸಿದ ವಕ್ರರೇಖೆಯೊಂದರ ಇಟಾಲಿಯನ್ ಹೆಸರು, ಇಂಗ್ಲಿಷಿಗೆ ಬರುವಾಗ ತಪ್ಪು ಅನುವಾದದಿಂದ 'ಮಾಟಗಾತಿ' ಎಂದಾಯಿತು. ಅದು ಇಂದಿಗೂ ಅಳಿದಿಲ್ಲ.

ಆಗ್ನೇಸಿ ಬೊಲೋನ್ಯಕ್ಕೆ ಹೋಗಿ ಬೋಧಿಸಲಿಲ್ಲ. 1752ರಲ್ಲಿ ತಂದೆ ತೀರಿಕೊಂಡ ಬಳಿಕ ಗಣಿತವನ್ನು ತೊರೆದು, ರೋಗಪೀಡಿತ ಬಡ ಸ್ತ್ರೀಯರ ಆರೈಕೆಗೆ ತಮ್ಮನ್ನು ಅರ್ಪಿಸಿಕೊಂಡರು. 1771ರಲ್ಲಿ ಮಿಲಾನಿನ ತ್ರಿವುಲ್ಸಿಯೊ ವೃದ್ಧಾಶ್ರಮದ ಮಹಿಳಾ ವಿಭಾಗದ ಹೊಣೆ ಹೊತ್ತರು. ಅಲ್ಲಿಯೇ 1799ರ ಜನವರಿ 9ರಂದು ದೈವಾಧೀನರಾದರು. ಬಡವರೊಂದಿಗೇ ಆಕೆಯ ಸಮಾಧಿಯಾಯಿತು.

ಈ ಬಾಳಿನಿಂದ, ಹೆಣ್ಣಿಗೆ ಸೇವೆಯೇ ಸಹಜ, ಶಾಸ್ತ್ರವಲ್ಲ ಎಂದು ತೀರ್ಮಾನಿಸುವವರುಂಟು. ಅದು ಕುತರ್ಕ. ಪಾಸ್ಕಲ್ ಸಹ 1654ರ ನಂತರ ಗಣಿತಕ್ಕಿಂತ ದೇವಚಿಂತನೆಗೇ ಹೆಚ್ಚಾಗಿ ಒಲಿದರು. ಅದರಿಂದ ಗಂಡಸರಿಗೆ ಗಣಿತ ಒಗ್ಗದೆಂದು ಯಾರೂ ಹೇಳಲಿಲ್ಲ. ಆಗ್ನೇಸಿ ಗಣಿತವನ್ನು ತ್ಯಜಿಸಿದ್ದು ಅದನ್ನು ಕರಗತ ಮಾಡಿಕೊಂಡ ಮೇಲೆ, ಸ್ವಂತ ಇಚ್ಛೆಯಿಂದ. ತನ್ನದಾಗಿರುವುದನ್ನು ಬಿಡುವುದು ತ್ಯಾಗ; ಕೊಡದೆ ತಡೆದು ಅದನ್ನೇ ತ್ಯಾಗವೆನ್ನುವುದು ಅನ್ಯಾಯ.

ದೇವರು ಬುದ್ಧಿಯನ್ನು ದಯಪಾಲಿಸುವಾಗ ಗಂಡು ಹೆಣ್ಣೆಂದು ಎಣಿಸಲಿಲ್ಲ. ಮಗನಿಗೆ ವಿಜ್ಞಾನ, ಮಗಳಿಗೆ ಬೇಗ ಮದುವೆ ಎಂದು ನಿರ್ಧರಿಸುವ ಮುನ್ನ ತಂದೆತಾಯಿಯರು ತಲೆಂತುಗಳ ಸಾಮತಿಯನ್ನೊಮ್ಮೆ ನೆನೆಯಲಿ. ಮಗಳ ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟರೆ, ಲೆಕ್ಕ ಒಪ್ಪಿಸಬೇಕಾದವರು ಹೆತ್ತವರೇ.