ಶ್ರೀ ಎಚ್.ಸಿ. ದಾಸಪ್ಪ: ಸನದು ಕಳೆದುಕೊಂಡ ನ್ಯಾಯವಾದಿ

ಸ್ವಾತಂತ್ರ್ಯ ಹೋರಾಟಗಾರರೂ ಹಿರಿಯ ವಕೀಲರೂ ಆಗಿದ್ದ ಶ್ರೀ ಎಚ್.ಸಿ. ದಾಸಪ್ಪನವರು 1894ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕಾನೂನು ಪದವಿ ಪಡೆದು ಮೈಸೂರು ಸಂಸ್ಥಾನದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡ ಅವರು ಮೈಸೂರು ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ಒಬ್ಬರಾದರು. ಅವರ ಪತ್ನಿ ಶ್ರೀಮತಿ ಯಶೋಧರಾ ದಾಸಪ್ಪನವರೂ ಚಳವಳಿಯಲ್ಲಿ ಪಾಲ್ಗೊಂಡವರೇ.

ನ್ಯಾಯಾಲಯದಲ್ಲಿ ವಾದಿಸಲು ಬೇಕಾದ ಅನುಮತಿ ಪತ್ರಕ್ಕೆ ಆಗ ಸನದು ಎಂದು ಹೆಸರು. ಅದನ್ನು ರದ್ದುಪಡಿಸುವ ಅಧಿಕಾರ ಸಂಸ್ಥಾನದ ಹೈಕೋರ್ಟಿಗಿತ್ತು. ಸನದು ಹೋದರೆ ಜೀವನೋಪಾಯವೇ ಹೋದಂತೆ. ಸತ್ಯಾಗ್ರಹದಲ್ಲಿ ಭಾಗವಹಿಸಿದ ಕೆಲವು ವಕೀಲರು ಹೀಗೆ ಸನದು ಕಳೆದುಕೊಂಡರು. ಸೆರೆಮನೆಯಲ್ಲಿ ಸತ್ಯಾಗ್ರಹಿಗಳಿಗೆ ಹಿಂಸೆ ನೀಡಲಾಯಿತೆಂಬ ಆಪಾದನೆಯ ಬಗ್ಗೆ ನ್ಯಾಯಾಧೀಶ ನಾಗೇಶ್ವರ ಅಯ್ಯರ್ ಅವರು ವಿಚಾರಣೆ ನಡೆಸಿದಾಗ, ಅಲ್ಲಿ ಸಾಕ್ಷ್ಯ ಮಂಡಿಸಬೇಕಾಗಿದ್ದವರು ದಾಸಪ್ಪನವರು. ಗಾಂಧೀಜಿಯವರ ಸಲಹೆಯಂತೆ ಅವರು ಆ ವಿಚಾರಣೆಯನ್ನು ಬಹಿಷ್ಕರಿಸಿದರು. 1940ರಲ್ಲಿ ಅವರ ಸನದೂ ರದ್ದಾಯಿತು. ಆಗ ಅವರಿಗೆ ಸುಮಾರು ಇಪ್ಪತ್ತು ವರ್ಷಗಳ ವೃತ್ತಿ ಅನುಭವವಿತ್ತು. ಗಾಂಧೀಜಿಯವರು ಅದೇ ವರ್ಷ 'ಹರಿಜನ' ಪತ್ರಿಕೆಯಲ್ಲಿ ಈ ಬಗ್ಗೆ ಬರೆದು ಅವರನ್ನು ಸಮರ್ಥಿಸಿದರು. ರಾಜಕೀಯ ನಿಲುವಿಗೂ ವೃತ್ತಿ ಶಿಸ್ತಿಗೂ ನಡುವಿನ ಗೆರೆ ಅಳಿಸಿಹೋದ ಪ್ರಸಂಗವಿದು.

ಬ್ರಿಟಿಷ್ ಇಂಡಿಯಾದಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. 1926ರ ಕಾಯಿದೆಯನ್ವಯ ಅಲ್ಲಿ ವಕೀಲರ ಪರಿಷತ್ತುಗಳಿದ್ದರೂ ಅಂತಿಮ ಆದೇಶ ಹೈಕೋರ್ಟಿನದೇ ಆಗಿತ್ತು.

1947ರ ಅಕ್ಟೋಬರ್‌ನಲ್ಲಿ ಶ್ರೀ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದಾಗ ದಾಸಪ್ಪನವರು ಸಚಿವರಾದರು. ಮತ್ತೊಬ್ಬ ವಕೀಲರಾದ ಶ್ರೀ ಕೆ.ಟಿ. ಭಾಷ್ಯಂ ಅವರೂ ಅದೇ ಸಂಪುಟದಲ್ಲಿದ್ದರು. 1957 ಹಾಗೂ 1962ರಲ್ಲಿ ದಾಸಪ್ಪನವರು ಬೆಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು.

ಅವರು ಲೋಕಸಭಾ ಸದಸ್ಯರಾಗಿದ್ದ ಅವಧಿಯಲ್ಲಿಯೇ 1961ರ ನ್ಯಾಯವಾದಿಗಳ ಅಧಿನಿಯಮ ಜಾರಿಗೆ ಬಂದಿತು. ಕೇಂದ್ರ ಸರ್ಕಾರವು 1951ರಲ್ಲಿ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಸಮಿತಿಯ 1953ರ ವರದಿಯೇ ಇದಕ್ಕೆ ಆಧಾರ. ಪ್ಲೀಡರು, ವಕೀಲ ಮುಂತಾದ ಭೇದಗಳು ಅಳಿದು ಅಡ್ವೊಕೇಟ್ ಎಂಬ ಒಂದೇ ವರ್ಗ ಉಳಿಯಿತು. ಶಿಸ್ತಿನ ಅಧಿಕಾರವು ರಾಜ್ಯ ವಕೀಲರ ಪರಿಷತ್ತಿಗೆ ವರ್ಗಾವಣೆಯಾಯಿತು. ನ್ಯಾಯವಾದಿಯ ಮೇಲಿನ ದೂರನ್ನು ಮೂವರು ನ್ಯಾಯವಾದಿಗಳ ಶಿಸ್ತು ಸಮಿತಿ ವಿಚಾರಿಸುತ್ತದೆ. ಅದರ ಮೇಲೆ ಭಾರತೀಯ ವಕೀಲರ ಪರಿಷತ್ತಿಗೂ ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಸಲ್ಲಿಸಬಹುದು. ಪರಿಷತ್ತಿನ ಸದಸ್ಯರನ್ನು ವಕೀಲರೇ ಚುನಾಯಿಸುತ್ತಾರೆ. ಸರ್ಕಾರದ ಅಡ್ವೊಕೇಟ್ ಜನರಲ್ ಅವರು ಪದನಿಮಿತ್ತ ಸದಸ್ಯರಾಗಿರುತ್ತಾರೆ. 1940ರಲ್ಲಿ ಮೈಸೂರಿನ ವಕೀಲರಿಗೆ ಇಂತಹ ಯಾವ ಆಸರೆಯೂ ಇರಲಿಲ್ಲ.

ದಾಸಪ್ಪನವರು 1963ರಲ್ಲಿ ಕೇಂದ್ರ ರೈಲ್ವೆ ಸಚಿವರಾಗಿ ನೇಮಕಗೊಂಡರು. 1964ರಲ್ಲಿ ನಿಧನ ಹೊಂದಿದರು.