ಪೂರ್ವಿಕರ ಮನೆ

1758ರ ಬೇಸಗೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಮಗ ವಿಲಿಯಂನೊಡನೆ ಇಂಗ್ಲೆಂಡಿನ ಎಕ್ಟನ್ ಗ್ರಾಮಕ್ಕೆ ಬಂದನು. ಅಮೆರಿಕಕ್ಕೆ ವಲಸೆ ಹೋದ ಆತನ ತಂದೆ ಹುಟ್ಟಿದ ಊರದು. ಸುಮಾರು 300 ವರ್ಷ ಕಮ್ಮಾರಿಕೆಯಿಂದಲೂ 30 ಎಕರೆ ಹೊಲದಿಂದಲೂ ಬಾಳಿದ ಮನೆತನದ ಕುರುಹಾಗಿ ಅಲ್ಲಿ ಉಳಿದಿದ್ದುದು ಒಂದು ಶಿಥಿಲವಾದ ಕಲ್ಲುಮನೆ. ಭೂಮಿ ಪರರ ಪಾಲಾಗಿತ್ತು. ಮನೆಯಲ್ಲಿ ಶಾಲೆ ನಡೆಯುತ್ತಿತ್ತು. ಆದರೂ ಊರವರಿಗೆ ಅದು ಫ್ರಾಂಕ್ಲಿನ್ನರ ಮನೆಯೇ.

ಇಗರ್ಜಿಯ ಅಂಗಳದಲ್ಲಿ ಸಮಾಧಿಗಳನ್ನು ಪಾಚಿ ಮುಸುಕಿತ್ತು. ಫ್ರಾಂಕ್ಲಿನ್ನನ ಗುಲಾಮ ಪೀಟರನು ನೀರೆರೆದು ಉಜ್ಜಿದನು. ಮೂಡಿದ ಅಕ್ಷರಗಳನ್ನು ವಿಲಿಯಂ ಬರೆದುಕೊಂಡನು. ದೊಡ್ಡಪ್ಪ ಥಾಮಸನು ತೀರಿಕೊಂಡ ಸರಿಯಾಗಿ ನಾಲ್ಕು ವರ್ಷಕ್ಕೆ, ಅದೇ ತಾರೀಖಿನಂದು, ಫ್ರಾಂಕ್ಲಿನ್ನನು ಜನಿಸಿದ್ದನು. ಊರ ಹಿರಿಯರ ಬಾಯಿಂದ ಥಾಮಸನ ಗುಣಗಳನ್ನು ಕೇಳಿ, ತಂದೆಯೊಡನೆ ಅವನಿಗಿದ್ದ ಹೋಲಿಕೆಗೆ ಮಗನು ಬೆರಗಾದನು.

1771ರಲ್ಲಿ ಟ್ವೈಫರ್ಡ್ ಹಳ್ಳಿಯಲ್ಲಿದ್ದ ಮಿತ್ರ ಬಿಷಪ್ ಷಿಪ್ಲಿಯ ಮನೆಯಲ್ಲಿ ಫ್ರಾಂಕ್ಲಿನ್ನನು ಆತ್ಮಚರಿತ್ರೆಗೆ ತೊಡಗಿದನು. ಮಗನಿಗೆ ಬರೆದ ಪತ್ರದ ರೂಪದ ಆ ಬರಹ ಈ ಪ್ರಯಾಣದ ನೆನಪಿನಿಂದಲೇ ಆರಂಭವಾಗುತ್ತದೆ. ಐದೇ ವರ್ಷಗಳಲ್ಲಿ ತಂದೆ ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ರುಜು ಹಾಕಿದನು. ನ್ಯೂಜೆರ್ಸಿಯ ಗವರ್ನರನಾಗಿದ್ದ ಮಗನು ಇಂಗ್ಲೆಂಡಿನ ದೊರೆಯ ಪಕ್ಷ ಹಿಡಿದು ಸೆರೆಮನೆ ಸೇರಿದನು. ಯುದ್ಧ ಮುಗಿದರೂ ಮುನಿಸು ಮುಗಿಯಲಿಲ್ಲ. 1790ರಲ್ಲಿ ಮಡಿದ ತಂದೆಯ ಉಯಿಲಿನಲ್ಲಿ ಮಗನಿಗೆ ದೊರೆತುದು ಅತ್ಯಲ್ಪ. ಪೂರ್ವಿಕರನ್ನು ಕೂಡಿ ಹುಡುಕಿದ ತಂದೆಮಕ್ಕಳ ಮನಸ್ಸು ಕೊನೆಗೂ ಕೂಡಲಿಲ್ಲ.