ಹರಳಯ್ಯನವರ ಬದುಕಿಗೆ ಬಳಿದ ಬಣ್ಣ

ಹಳೇ ಚರ್ಮದ ಬ್ಯಾಗಿಗೆ ಎಷ್ಟು ಬೆಲೆ ಬರಬಹುದು? 2025ರ ಜುಲೈನಲ್ಲಿ ಪ್ಯಾರಿಸ್‌ನ ಸದಬೀಸ್ ಹರಾಜಿನಲ್ಲಿ ನಟಿ ಜೇನ್ ಬರ್ಕಿನ್ ಬಳಸಿದ್ದ ಹರ್ಮೆಸ್ ಬ್ಯಾಗೊಂದು ಸುಮಾರು 86 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿಗೂ ಮೇಲೆ. 1985ರ ಆ ಕಪ್ಪು ಬ್ಯಾಗಿನ ಮೇಲೆ ಗೀರುಗಳಿದ್ದವು, ಕಲೆಗಳಿದ್ದವು, ಆಕೆ ಅಂಟಿಸಿಕೊಂಡಿದ್ದ ಸ್ಟಿಕ್ಕರ್‌ಗಳ ಗುರುತೂ ಇತ್ತು. ಆ ಗುರುತುಗಳ ಸಮೇತವೇ ಅದು ಮಾರಾಟವಾಯಿತು. ಅದು ಅವಳದೇ ಬ್ಯಾಗು ಅನ್ನೋದಕ್ಕೆ ಅವೇ ಸಾಕ್ಷಿ.

ಹಳೇ ಬ್ಯಾಗುಗಳನ್ನು ರಿಪೇರಿ ಮಾಡುವ ಲೋಕದಲ್ಲಿ ಒಂದು ಲೆಕ್ಕಾಚಾರ ಇದೆ. ಕೊಳೆ ತೆಗೆದು, ಒಣಗಿದ ಚರ್ಮಕ್ಕೆ ಎಣ್ಣೆಯ ಪಸೆ ಕೊಟ್ಟು, ಬಿಟ್ಟುಹೋದ ಹೊಲಿಗೆಯನ್ನು ಹಳೇ ತೂತುಗಳಲ್ಲೇ ಮತ್ತೆ ಹಾಕಿದರೆ ಬೆಲೆ ಉಳಿಯುತ್ತೆ, ಕೆಲವೊಮ್ಮೆ ಏರುತ್ತೆ. ಮೂಲ ಬಣ್ಣದ ಮೇಲೆ ಹೊಸ ಬಣ್ಣ ಬಳಿದು, ಹಳೇ ಕೊಂಡಿ ಕಿತ್ತು ಹೊಸದು ಹಾಕಿದರೆ ಸಂಗ್ರಾಹಕರ ಕಣ್ಣಲ್ಲಿ ಬೆಲೆ ಬಿದ್ದುಹೋಗುತ್ತೆ. ಎಂಜಿನಿಯರಿಂಗ್ ಓದಿದ ನನಗೆ ಇದರ ತರ್ಕ ಬಹಳ ಇಷ್ಟ. ಬಣ್ಣ ಬಿರುಕನ್ನು ಮುಚ್ಚುತ್ತೆ ಅಷ್ಟೇ, ಕೂಡಿಸೋದಿಲ್ಲ. ಇದೇ ಅಳತೆಗೋಲು ಹಿಡಿದು ಕನ್ನಡ ನಾಡಿನ ಅತಿ ಪ್ರಸಿದ್ಧ ಚರ್ಮದ ಕೆಲಸಗಾರರ ಬದುಕನ್ನು ನೋಡೋಣ. ಅವರು ಸಮಗಾರ ಹರಳಯ್ಯ.

12ನೇ ಶತಮಾನದ ಕಲ್ಯಾಣ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅರಸ ಕಲಚುರಿ ಬಿಜ್ಜಳ, ಭಂಡಾರಿ ಬಸವಣ್ಣನವರು. ಅದೇ ಊರಲ್ಲಿ ಹರಳಯ್ಯ ಮತ್ತು ಅವರ ಹೆಂಡತಿ ಕಲ್ಯಾಣಮ್ಮ ಚಪ್ಪಲಿ ಹೊಲಿದು ಬದುಕುತ್ತಿದ್ದರು. ಸುಣ್ಣದಲ್ಲಿ ತೊಗಲು ನೆನೆಸುವುದು, ಕೂದಲು ಕೆರೆಯುವುದು, ಅಳಲೆಕಾಯಿ, ತಂಗಡಿ ಚಕ್ಕೆಯ ರಸದಲ್ಲಿ ಹದ ಮಾಡುವುದು ಈ ಕಸುಬಿನ ಪಾಡು. ಚಪ್ಪಲಿ ಎಲ್ಲರಿಗೂ ಬೇಕು, ಮಾಡಿದವರ ನೆರಳು ಮಾತ್ರ ಬೇಡ.

ಒಂದು ದಿನ ಹರಳಯ್ಯ ದಾರಿಯಲ್ಲಿ ಸಿಕ್ಕ ಬಸವಣ್ಣನವರಿಗೆ ಶರಣು ಅಂದರಂತೆ. ಬಸವಣ್ಣನವರು ಮರುಕ್ಷಣವೇ ಎರಡು ಸಲ ಶರಣು ಹೇಳಿ ಕೈ ಮುಗಿದರಂತೆ. ಆ ಹೆಚ್ಚಿನ ಒಂದು ಶರಣು ಹರಳಯ್ಯನವರಿಗೆ ಹೊರಲಾರದ ಋಣವಾಯಿತು. ಗಂಡಹೆಂಡತಿ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಹೊಲಿದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡು ವಾಪಸ್ ಕೊಟ್ಟರು. ದಾರಿಯಲ್ಲಿ ಬ್ರಾಹ್ಮಣ ಮಂತ್ರಿ ಮಧುವರಸ ಅವನ್ನು ಮೆಟ್ಟಿದಾಗ ಮೈಯೆಲ್ಲ ಉರಿ ಎದ್ದಿತು. ಹರಳಯ್ಯನವರ ಮನೆಯ, ತೊಗಲು ನೆನೆಸಿದ ಬಾನಿಯ ನೀರು ಮೈಮೇಲೆ ಬಿದ್ದ ಮೇಲಷ್ಟೇ ಆ ಉರಿ ಆರಿತು ಅನ್ನುತ್ತೆ ಶರಣ ಪರಂಪರೆ.

ಇಲ್ಲಿಯವರೆಗಿನ ಕಥೆಯನ್ನು ನಾಟಕದಲ್ಲಿ, ಪ್ರವಚನದಲ್ಲಿ, ಜಯಂತಿಯ ಭಾಷಣದಲ್ಲಿ ಎಲ್ಲರೂ ಹೇಳ್ತಾರೆ. ಮುಂದಿನದ್ದು ಬಂದಾಗ ಸ್ವರ ತಗ್ಗುತ್ತೆ.

ಮಧುವರಸ ಶರಣರಾದರು. ಅವರ ಮಗಳಿಗೂ ಹರಳಯ್ಯನವರ ಮಗ ಶೀಲವಂತನಿಗೂ ಮದುವೆಯಾಯಿತು. ಶರಣರ ಪ್ರಕಾರ ಇಬ್ಬರೂ ಲಿಂಗವಂತರು, ಜಾತಿಯ ಮಾತೇ ಇಲ್ಲ. ಸನಾತನಿಗಳ ಪ್ರಕಾರ ಸಮಗಾರರ ಹುಡುಗ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗಿದ್ದ. ಬಿಜ್ಜಳ ಅವರ ಒತ್ತಡಕ್ಕೆ ಮಣಿದ. ಹರಳಯ್ಯ, ಮಧುವರಸ ಇಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ, ಊರ ಬೀದಿಯಲ್ಲಿ ಎಳೆಸಿದರು. ಇದಕ್ಕೆ ಎಳೆಹೂಟೆ ಅಂತಿದ್ದರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು, ಕಲ್ಯಾಣ ಮುಗಿಯಿತು.

ನನ್ನ ತಕರಾರು ಇರೋದು ಇಲ್ಲೇ. ಒಂದು ನಮಸ್ಕಾರ ವಾಪಸ್ ಬಂದರೆ ಅದನ್ನು ಚರ್ಮ ಕೊಟ್ಟು ತೀರಿಸಬೇಕಾದ ಸಾಲ ಅಂತ ಮನುಷ್ಯನಿಗೆ ಯಾಕೆ ಅನ್ನಿಸಬೇಕು? ಅದುವರೆಗೆ ಯಾರೂ ಅವರಿಗೆ ಅದನ್ನು ಕೊಟ್ಟಿರಲಿಲ್ಲ, ಅದಕ್ಕೆ. ಬಿರುಕು ಇರೋದು ಅಲ್ಲಿ. ಅದರ ಮೇಲೆ ನಾವು ಭಕ್ತಿಯ ಬಣ್ಣ ಬಳಿದಿದ್ದೇವೆ. ಮದುವೆ ಮತ್ತು ಆನೆಯ ಮೇಲೆ ಪವಾಡದ ಪಾಲಿಶ್ ಹೊಡೆದಿದ್ದೇವೆ. ಚಮ್ಮಾವುಗೆಯ ಹರಳಯ್ಯ ಯಾರಿಗೂ ತೊಂದರೆ ಕೊಡಲ್ಲ. ಬೀಗರಾದ ಹರಳಯ್ಯ ಇವತ್ತಿಗೂ ಕೊಡ್ತಾರೆ.

ಚಾಮರಾಜನಗರದವರಿಗೆ ಕಲ್ಯಾಣ ದೂರದ ಕಥೆ ಏನಲ್ಲ. ನಮ್ಮ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಹೊಲಸು ಮೈಯ ಗುರುವೊಬ್ಬ ಕಲ್ಯಾಣದ ಬಾಗಿಲಿಗೆ ಹೋಗಿ ಬಸವಣ್ಣನವರನ್ನೇ ಪರೀಕ್ಷೆ ಮಾಡ್ತಾನೆ. ಬಿಳಿಗಿರಿರಂಗನ ಬೆಟ್ಟದಲ್ಲಿ ದೇವರಿಗೆ ಅರ್ಪಿಸಿದ ದೊಡ್ಡ ಚರ್ಮದ ಚಪ್ಪಲಿಯನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ತಾರೆ. ಇದೇ ಜಿಲ್ಲೆಯ ಹೆಗ್ಗೋಠಾರದಲ್ಲಿ, 2022ರ ನವೆಂಬರ್‌ನಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬರು ಲಿಂಗಾಯತರ ಬೀದಿಯ ತೊಂಬೆಯ ನೀರು ಕುಡಿದರೆಂದು ನೀರನ್ನೆಲ್ಲ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರೆಂದು ವರದಿಯಾಯಿತು. ಸಮಗಾರರ ಬಾನಿಯ ನೀರಿಂದ ಮಂತ್ರಿಯ ಉರಿ ಆರಿದ ಕಥೆ ಹೇಳುವ ನಾಡಿದು. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು, ಒಳ್ಳೇದೇ. ಆದರೆ ಚಿತ್ರಪಟವೂ ಒಂದು ಪದರ ಬಣ್ಣವಾಗಬಹುದು.

ಗುಂಡ್ಲುಪೇಟೆಯಲ್ಲಿ ರಸ್ತೆ ಬದಿ ಛತ್ರಿ ಕೆಳಗೆ ಕೂತು, ಊಟಿಗೆ ಹೊರಟವರ ಬ್ಯಾಗಿಗೆ ದಬ್ಬಣ ಹಾಕಿ ಹೊಲಿದುಕೊಡುವವರನ್ನು ನೋಡಿದ್ದೇನೆ. ಸಾವಿರಾರು ರೂಪಾಯಿಯ ಬ್ಯಾಗಿನವರು ಹತ್ತು ರೂಪಾಯಿಗೆ ಚೌಕಾಸಿ ಮಾಡ್ತಾರೆ. ಚರ್ಮಕ್ಕೆ ಬೆಲೆ ಕೊಡ್ತೀವಿ, ಹೊಲಿದ ಕೈಗೆ ಕೊಡಲ್ಲ.

ಹರಳಯ್ಯನವರ ಬದುಕಿಗೂ ಸರಿಯಾದ ರಿಪೇರಿ ಬೇಕು. ಮುಂದಿನ ಸಲ ಅವರ ಕಥೆ ಹೇಳುವಾಗ ಮದುವೆಯಿಂದ ಶುರು ಮಾಡಿ. ಆ ಮದುವೆ ಎರಡು ಕೇರಿಗಳ ನಡುವೆ ಅವರು ಹಾಕಿದ ಹೊಲಿಗೆ. ಬಿಟ್ಟುಹೋಗಿರೋದು ಅದೇ. ಮತ್ತೆ ಹಾಕಬೇಕಾದದ್ದೂ ಅದನ್ನೇ, ಹಳೇ ತೂತುಗಳಲ್ಲೇ.